ಅನ್ನದ ಬಟ್ಟಲಿನಿಂದ ಗ್ಯಾಟ್ಲಿಂಗ್ ಗನ್‌ವರೆಗೆ: ಏಳು ಜನ ಯಾಕೆ ಬಂದರು?

2016ರ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ನೋಡಿದವರಲ್ಲಿ ಬಹಳ ಜನ ಹೇಳುವುದು ಒಂದೇ: ಹೊಡೆದಾಟ ಜೋರಾಗಿದೆ, ಆದರೆ ಮನೆ ತಲುಪುವಷ್ಟರಲ್ಲಿ ಮರೆತುಹೋಗುತ್ತದೆ. ಮೆಚ್ಚುಗೆಯೂ ಸರಿ, ದೂರೂ ಸರಿ. ಹೀಗೇಕಾಯಿತು ಎಂದು ತಿಳಿಯಲು ಆ ಒಂದು ಚಿತ್ರ ನೋಡಿದರೆ ಸಾಲದು. ಕೂಲಿಗೆ ಬಂದ ಏಳು ಜನ ಯಾರದೋ ಊರನ್ನು ಕಾಯುವ ಈ ಕತೆ ಹುಟ್ಟಿದ್ದೆಲ್ಲಿ ಎಂದು ನೋಡಲು 62 ವರ್ಷ ಹಿಂದೆ ಸರಿದು ಜಪಾನಿನ ಒಂದು ಅನ್ನದ ಬಟ್ಟಲಿನ ಹತ್ತಿರ ಹೋಗಬೇಕು.

ಅಕಿರಾ ಕುರೋಸಾವಾ ಅವರ ‘ಸೆವೆನ್ ಸಮುರಾಯ್’ 1954ರದ್ದು. ಬಾರ್ಲಿ ಕುಯ್ಲಿನ ಹೊತ್ತಿಗೆ ದರೋಡೆಕೋರರು ಮತ್ತೆ ಬರುತ್ತಾರೆಂದು ರೈತರಿಗೆ ಸುಳಿವು ಸಿಗುತ್ತದೆ. ಕಾದಾಡುವವರನ್ನು ಹುಡುಕಿಕೊಂಡು ಪೇಟೆಗೆ ಹೋಗುತ್ತಾರೆ. ಕೊಡಲು ದುಡ್ಡಿಲ್ಲ, ಅನ್ನ ಮಾತ್ರ ಇದೆ. ಅದೂ ತಾವು ಕಿರುಧಾನ್ಯ ತಿಂದುಕೊಂಡು ಉಳಿಸಿದ ಅಕ್ಕಿಯ ಅನ್ನ. ರೈತರು ಇಳಿದುಕೊಂಡ ತಂಗುದಾಣದಲ್ಲಿದ್ದ ಕೂಲಿಯವನೊಬ್ಬ ಆ ಅನ್ನದ ಬಟ್ಟಲನ್ನೆತ್ತಿ ಹಿರಿಯ ಸಮುರಾಯ್ (ಕತ್ತಿವೀರ) ಕಾಂಬೆಯ ಮುಖಕ್ಕೆ ಹಿಡಿಯುತ್ತಾನೆ: ಇದು ನಿಮಗೆ, ಈ ಪೆದ್ದರು ತಿನ್ನುವುದು ಬೇರೆ. ಕಾಂಬೆ ಬಟ್ಟಲು ಕೈಗೆ ತೆಗೆದುಕೊಂಡು, ಈ ಅನ್ನವನ್ನು ಪೋಲು ಮಾಡುವುದಿಲ್ಲ ಎನ್ನುತ್ತಾನೆ. ಯಾರದೋ ಊರಿಗಾಗಿ ಯಾರೋ ಯಾಕೆ ಸಾಯಬೇಕು ಎಂಬ ಪ್ರಶ್ನೆಗೆ ಈ ಕತೆ ಕೊಟ್ಟ ಮೊದಲ ಉತ್ತರ ಇದು. ಭಾಷಣವಿಲ್ಲ, ಬಟ್ಟಲು ಕೈ ಬದಲಿಸಿತು ಅಷ್ಟೇ.

207 ನಿಮಿಷದ ಆ ಚಿತ್ರದಲ್ಲಿ ಕಾದಾಟ ಶುರುವಾಗುವ ಹೊತ್ತಿಗೆ ಊರಿನ ನಕ್ಷೆ ನೋಡುಗರಿಗೆ ಬಾಯಿಪಾಠವಾಗಿರುತ್ತದೆ. ಒಂದು ಕಡೆ ಗದ್ದೆಗೆ ನೀರು ಬಿಟ್ಟಿದ್ದಾರೆ, ಇನ್ನೊಂದು ಕಡೆ ಬೇಲಿ, ಮತ್ತೊಂದು ಕಡೆ ಸೇತುವೆ ಕಿತ್ತಿದ್ದಾರೆ. ಸೇತುವೆಯಾಚೆ ಉಳಿದ ಮೂರು ಮನೆಗಳನ್ನು ಬಿಟ್ಟುಕೊಡಲೇಬೇಕು. ಒಂದು ದಾರಿಯನ್ನು ಮಾತ್ರ ಬೇಕೆಂದೇ ತೆರೆದಿಟ್ಟಿದ್ದಾರೆ. ಕುದುರೆ ಸವಾರರು ಅಲ್ಲಿ ನುಗ್ಗಿದಾಗ ಒಬ್ಬಿಬ್ಬರನ್ನು ಒಳಗೆ ಬಿಟ್ಟುಕೊಂಡು, ತಕ್ಷಣ ಬಿದಿರಿನ ಈಟಿಗಳಿಂದ ದಾರಿ ಮುಚ್ಚುತ್ತಾರೆ. ಒಳಗೆ ಸಿಕ್ಕವನ ಕತೆ ಮುಗಿಯಿತು. ದರೋಡೆಕೋರರು ಒಟ್ಟು 40 ಮಂದಿ. ಕಾಂಬೆ ಹಾಳೆಯ ಮೇಲೆ ಅಷ್ಟೂ ಸೊನ್ನೆ ಬರೆದಿಟ್ಟು, ಸತ್ತವರ ಲೆಕ್ಕಕ್ಕೆ ಒಂದೊಂದನ್ನೇ ಹೊಡೆದುಹಾಕುತ್ತಾ ಹೋಗುತ್ತಾನೆ. ಕೊನೆಯ ಬೆಳಿಗ್ಗೆ ಮಳೆಯಲ್ಲಿ 13 ಮಂದಿ ಉಳಿದಿದ್ದಾರೆ ಎಂದು ಅವನಿಗೆ ಗೊತ್ತು, ನಮಗೂ ಗೊತ್ತು. ಅಂಕಿ ಇಳಿದ ಹಾಗೆ ಎದೆ ಬಡಿತ ಏರುತ್ತದೆ. ದರೋಡೆಕೋರರ ಬಳಿ ಇರುವುದು ಮೂರೇ ಕೋವಿ. ಆದರೆ ಸತ್ತ ನಾಲ್ವರು ಸಮುರಾಯ್‌ಗಳೂ ಸಾಯುವುದು ಕತ್ತಿಗಲ್ಲ, ಗುಂಡಿಗೆ.

ಜಾನ್ ಸ್ಟರ್ಜಸ್ 1960ರಲ್ಲಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಎಂಬ ಹೆಸರಿನಲ್ಲಿ ಈ ಕತೆಯನ್ನು ಮೆಕ್ಸಿಕೋ ಗಡಿಗೆ ತಂದರು. ಅನ್ನದ ಜಾಗಕ್ಕೆ ಆರು ವಾರಕ್ಕೆ ತಲಾ 20 ಡಾಲರ್ ಬಂತು. ಗುಂಡಿನ ಖರ್ಚಿಗೂ ಸಾಲದ ಸಂಬಳ. ಚಿತ್ರೀಕರಣ ಮೆಕ್ಸಿಕೋದಲ್ಲೇ ನಡೆದದ್ದರಿಂದ ಅಲ್ಲಿನ ಸೆನ್ಸಾರಿನ ಕಣ್ಣು ಚಿತ್ರದ ಮೇಲಿತ್ತು. ತಮ್ಮ ರೈತರನ್ನು ಕೈಲಾಗದವರಂತೆ ತೋರಿಸಬಾರದು ಎಂಬುದು ಅವರ ಪಟ್ಟು. ಹಾಗಾಗಿ ಹಳ್ಳಿಯವರು ಮೊದಲು ಕೊಳ್ಳಲು ಹೋಗುವುದು ಬಂದೂಕನ್ನು, ಬಂದೂಕುಧಾರಿಗಳನ್ನಲ್ಲ. ಹೊಲದಲ್ಲಿ ದುಡಿಯುವವರ ಬಟ್ಟೆ ಇಡೀ ಚಿತ್ರದಲ್ಲಿ ಈಗಷ್ಟೇ ಒಗೆದು ಹಾಕಿದಷ್ಟು ಬಿಳಿ ಇರುವುದಕ್ಕೂ ಇದೇ ಕಾರಣ. ನೋಡುವಾಗ ನಗು ಬರುತ್ತದೆ.

ಆದರೆ ಸ್ಟರ್ಜಸ್ ಒಂದು ಕಡೆ ಮೂಲಕ್ಕಿಂತ ಮುಂದೆ ಹೋದರು, ಅದು ಖಳನಾಯಕನ ವಿಷಯದಲ್ಲಿ. ಇಲೈ ವಾಲಕ್ ಮಾಡಿದ ಕಲ್ವೇರಾ ಹಳ್ಳಿಯ ಪಡಸಾಲೆಯಲ್ಲೇ ಕೂತು ತನ್ನ ಕಷ್ಟ ಹೇಳಿಕೊಳ್ಳುತ್ತಾನೆ. ಅವನಿಗೂ ಹೊಟ್ಟೆ ಹೊರೆಯಬೇಕಾದ ಆಳುಗಳಿದ್ದಾರೆ. ನಡುವೆ ಹಳ್ಳಿಯವರೇ ಹೆದರಿ ಏಳೂ ಜನರನ್ನು ಅವನಿಗೆ ಹಿಡಿದುಕೊಡುತ್ತಾರೆ. ಅವನು ಕೊಲ್ಲದೆ ಊರಾಚೆ ಬಿಟ್ಟುಬರುತ್ತಾನೆ. ಅಷ್ಟಾದರೂ ಅವರು ತಿರುಗಿ ಬರುತ್ತಾರೆ. ಸಾಯುವಾಗ ಕಲ್ವೇರಾ ಕೇಳುವುದೂ ಅದನ್ನೇ: ಇಂಥ ಊರಿಗೆ ವಾಪಸ್ ಬಂದೆಯಲ್ಲ, ಯಾಕೆ? ಏಳು ಜನರ ನಾಯಕನಾದ ಯೂಲ್ ಬ್ರಿನ್ನರ್ ಉತ್ತರ ಕೊಡುವುದಿಲ್ಲ. ಆ ಮೌನ ಚಿತ್ರದ ಅತಿ ಒಳ್ಳೆಯ ಸಂಭಾಷಣೆ ಎಂದರೂ ತಪ್ಪಿಲ್ಲ.

ನಮ್ಮ ಕಡೆಗೆ ಈ ಎಳೆ ಬಂದದ್ದು ರಾಮನಗರದ ಬಂಡೆಗಳ ನಡುವೆ. ಬೆಂಗಳೂರು–ಮೈಸೂರು ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ದೂರದ ರಾಮದೇವರ ಬೆಟ್ಟದ ಬುಡದಲ್ಲಿ ರಮೇಶ್ ಸಿಪ್ಪಿ ‘ಶೋಲೆ’ಯ ರಾಮಗಢ ಕಟ್ಟಿಸಿದರು. ಚಿತ್ರ ತೆರೆಗೆ ಬಂದದ್ದು 1975ರ ಆಗಸ್ಟ್ 15ಕ್ಕೆ. ಸಲೀಂ–ಜಾವೇದ್ ಏಳು ಜನರನ್ನು ಇಬ್ಬರಿಗೆ ಇಳಿಸಿದರು. ಅದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ಕೂಲಿಗೆ ಕರೆಯುವವರು ಹಳ್ಳಿಯವರಲ್ಲ, ಸ್ವಂತ ಸೇಡಿರುವ ಠಾಕೂರ. ಆ ಸೇಡಿನ ಕಾರಣವನ್ನು ಅವರು ಎಲ್ಲಿಟ್ಟರು ಎಂಬುದನ್ನು ಚಿತ್ರಕತೆ ಬರೆಯುವವರು ಗಮನಿಸಬೇಕು. ಹೋಳಿಯ ದಾಳಿಯಲ್ಲಿ ಕಾಲಬುಡದಲ್ಲಿದ್ದ ಬಂದೂಕನ್ನು ಠಾಕೂರ ಎತ್ತಿಕೊಡಲಿಲ್ಲವೆಂದು ಜೈ–ವೀರು ಸಿಟ್ಟಾಗಿ ಹೊರಟು ನಿಂತಾಗ, ಶಾಲಿನ ಕೆಳಗೆ ಕೈಗಳೇ ಇಲ್ಲ ಎಂಬ ಹಿಂದಿನ ಕತೆ ಬಿಚ್ಚಿಕೊಳ್ಳುತ್ತದೆ. ಮುಂದಿನ ಅರ್ಧ ಚಿತ್ರ ನಾವು ಆ ಶಾಲನ್ನು ಬೇರೆಯದೇ ಕಣ್ಣಿನಿಂದ ನೋಡುತ್ತೇವೆ. ಕೂಲಿಗೆ ಬಂದ ಇಬ್ಬರೂ ಅಲ್ಲಿಂದಾಚೆ ಕೂಲಿಯವರಲ್ಲ.

ಇನ್ನು 2016ರ ಮರುಚಿತ್ರಕ್ಕೆ ಬರೋಣ. ನಿರ್ದೇಶಕ ಆಂಟ್ವಾನ್ ಫುಕ್ವಾ, ಬರವಣಿಗೆ ನಿಕ್ ಪಿಜೊಲಾಟೊ ಮತ್ತು ರಿಚರ್ಡ್ ವೆಂಕ್. 1879ರ ರೋಸ್ ಕ್ರೀಕ್ ಎಂಬ ಊರು. ಚಿನ್ನದ ಗಣಿಯ ಧಣಿ ಬೋಗ್ ರೈತರನ್ನು ಒಕ್ಕಲೆಬ್ಬಿಸುತ್ತಿದ್ದಾನೆ. ಗಂಡನನ್ನು ಕಳೆದುಕೊಂಡ ಎಮ್ಮಾ ಕಲನ್ ಎಂಬ ಹೆಂಗಸು ನೆರವು ಹುಡುಕಿ ಹೊರಡುತ್ತಾಳೆ. ಡೆನ್ಜೆಲ್ ವಾಷಿಂಗ್ಟನ್ ಮಾಡಿದ ಚಿಸಮ್ ಕರಿಯ ಅಧಿಕಾರಿ. ಅವನ ಜೊತೆ ಜೂಜುಕೋರ, ಮೆಕ್ಸಿಕನ್, ಪೂರ್ವ ಏಷ್ಯಾದವನು, ಕೊಮಾಂಚಿ ಎಂಬ ಮೂಲನಿವಾಸಿ ಪಂಗಡದ ಬಿಲ್ಲುಗಾರ, ಬೆಟ್ಟದ ಬೇಟೆಗಾರ, ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ಸೇನೆಯಲ್ಲಿದ್ದ ಗುರಿಕಾರ. ಇದು ಇಂದಿನ ಕಾಲಕ್ಕೆ ಒಪ್ಪಿಸಲು ಮಾಡಿದ ಜೋಡಣೆ ಎಂಬ ಟೀಕೆ ಅರ್ಧ ಸತ್ಯ. ಆ ಕಾಲದಲ್ಲಿ ದನದ ಹಿಂಡು ಹೊಡೆದುಕೊಂಡು ಹೋಗುವ ಕೆಲಸದಲ್ಲಿ ಕರಿಯರೂ ಮೆಕ್ಸಿಕನ್ನರೂ ಸಾಕಷ್ಟಿದ್ದರು. ಬಾಸ್ ರೀವ್ಸ್ ಎಂಬ ಕರಿಯ ಅಧಿಕಾರಿ 1875ರಿಂದಲೇ ಅಮೆರಿಕದ ಮೂಲನಿವಾಸಿಗಳಿಗೆಂದು ಬಿಟ್ಟಿದ್ದ ‘ಇಂಡಿಯನ್ ಪ್ರದೇಶ’ದಲ್ಲಿ ಕಾನೂನು ಕಾಯುವ ಮಾರ್ಷಲ್ ಕೆಲಸ ಮಾಡುತ್ತಿದ್ದರು. ಹಳೆಯ ವೆಸ್ಟರ್ನ್ (ಕೌಬಾಯ್) ಚಿತ್ರಗಳು ಅಳಿಸಿದ್ದನ್ನು ಈ ಚಿತ್ರ ಮತ್ತೆ ಬರೆದಿದೆ.

ಕುಶಲತೆಗೂ ಕೊರತೆಯಿಲ್ಲ. ಛಾಯಾಗ್ರಾಹಕ ಮೌರೊ ಫಿಯೋರೆ 35 ಎಂಎಂ ಫಿಲ್ಮ್‌ನಲ್ಲೇ ಚಿತ್ರೀಕರಿಸಿದ್ದಾರೆ. ಧೂಳು, ಚರ್ಮ, ಮಧ್ಯಾಹ್ನದ ಬಿಸಿಲು ಕೈಗೆ ಸಿಗುವಂತಿವೆ. ಕುದುರೆಗಳು ಬೀಳುವಾಗ ತೂಕ ಕಾಣುತ್ತದೆ. ಹಿಂದೆ ಕಾಲಿಗೆ ತಂತಿ ಕಟ್ಟಿ ಬೀಳಿಸುತ್ತಿದ್ದರು, ಎಷ್ಟೋ ಕುದುರೆಗಳು ಸತ್ತವು. ಈಗ ಪಳಗಿಸಿದ ಕುದುರೆಗೆ ಲಗಾಮಿನ ಸನ್ನೆಯಲ್ಲೇ ಮಗ್ಗುಲಾಗಲು ಕಲಿಸುತ್ತಾರೆ, ಬೀಳುವ ಜಾಗದ ನೆಲ ಅಗೆದು ಮೆತ್ತಗೆ ಮಾಡಿರುತ್ತಾರೆ. ಊರಿಗೆ ಕಾಲಿಟ್ಟ ಕೂಡಲೇ ನಡೆಯುವ ಮೊದಲ ಕಾದಾಟ ಇಡೀ ಚಿತ್ರದಲ್ಲೇ ಉತ್ತಮವಾದದ್ದು. ಒಂದು ಬೀದಿ, ಎರಡು ಸಾಲು ಜಗಲಿ, ಮೇಲೆ ಸೂರು, ಎದುರು ಎಣಿಸಬಹುದಾದಷ್ಟು ಆಳುಗಳು. ಯಾರು ಎಲ್ಲಿಂದ ಹೊಡೆದರು, ಯಾರು ಬಿದ್ದರು ಎಂದು ಕಣ್ಣಿಗೆ ಗೊಂದಲವಿಲ್ಲ.

ಗೊಂದಲ ಶುರುವಾಗುವುದು ಕೊನೆಯ ಯುದ್ಧದಲ್ಲಿ. ಬೋಗ್ ತರುವ ಸೈನ್ಯಕ್ಕೆ ಲೆಕ್ಕವಿಲ್ಲ. ಎಷ್ಟು ಬಿದ್ದರೂ ಅಷ್ಟೇ ಮತ್ತೆ ಬರುತ್ತಾರೆ. ಕಾಂಬೆಯ ಹಾಳೆ ಇಲ್ಲಿಲ್ಲ, ಹಾಗಾಗಿ ಪ್ರತಿ ಗುಂಡಿಗೂ ಬೆಲೆ ಇಳಿಯುತ್ತದೆ. ಆ ಕಾಲದ ಆರು ಗುಂಡಿನ ಕೋಲ್ಟ್ ಪಿಸ್ತೂಲು ತುಂಬುವುದೇ ಒಂದು ನಾಟಕ. ಪಕ್ಕದ ಪುಟ್ಟ ಬಾಗಿಲು ತೆರೆದು, ಕಡ್ಡಿ ಒತ್ತಿ ಖಾಲಿ ತೋಟಾ ಒಂದೊಂದನ್ನೇ ಹೊರಗೆ ತಳ್ಳಿ, ಗಾಲಿ ಒಂದು ಮನೆ ತಿರುಗಿಸಿ, ಹೊಸದನ್ನು ಒಂದೊಂದೇ ಸೇರಿಸಬೇಕು. ಶತ್ರು ಓಡಿ ಬರುತ್ತಿರುವಾಗ ಈ ಕೆಲಸಕ್ಕಿಂತ ಉದ್ವೇಗದ್ದು ಬೇಕೆ? ಚಿತ್ರಕ್ಕೆ ಅದಕ್ಕೆ ಪುರುಸೊತ್ತಿಲ್ಲ. ಹೊಗೆಯ ವಿಷಯವೂ ಹೀಗೇ. ಹೊಗೆ ಕಡಿಮೆಯಿರುವ ಮದ್ದು ಬಂದದ್ದು 1884ರ ನಂತರ. 1879ರಲ್ಲಿ ನೂರಾರು ಬಂದೂಕು ಒಟ್ಟಿಗೆ ಸಿಡಿದರೆ ಕೆಲವೇ ನಿಮಿಷದಲ್ಲಿ ಬೀದಿಯೇ ಬಿಳಿ ಹೊಗೆಯಲ್ಲಿ ಮುಳುಗಬೇಕು. ಇದನ್ನು ತಪ್ಪೆಂದು ಎತ್ತಿ ಆಡುವುದು ಬೇಡ, ಕ್ಯಾಮೆರಾಕ್ಕೆ ಮುಖ ಕಾಣಬೇಕಲ್ಲ. ಆದರೂ ಆ ಹೊಗೆಯನ್ನೇ ಒಂದು ಪಾತ್ರ ಮಾಡುವ ಅವಕಾಶ ಕೈತಪ್ಪಿತು.

ಅಷ್ಟರಲ್ಲಿ ಗ್ಯಾಟ್ಲಿಂಗ್ ಗನ್ ಬರುತ್ತದೆ. 1862ರಲ್ಲಿ ಪೇಟೆಂಟ್ ಪಡೆದ ಯಂತ್ರ, ಕಾಲದೋಷವೇನಿಲ್ಲ. ಹಿಡಿಕೆ ತಿರುಗಿಸಿದಂತೆ ನಳಿಗೆಗಳು ಸುತ್ತುತ್ತವೆ. ಗುಂಡುಗಳು ಮೇಲಿನಿಂದ ತಮ್ಮ ತೂಕಕ್ಕೇ ಜಾರಿ ಇಳಿಯುತ್ತವೆ. ಒಂದು ವಾರ ಬೆವರು ಸುರಿಸಿ ಏಳು ಜನ ಊರವರಿಂದ ಕಂದಕ ತೋಡಿಸಿದ್ದರು, ಡೈನಮೈಟ್ ಹೂತಿದ್ದರು, ಗುರಿ ಇಡಲು ಬಾರದವರಿಗೆ ಗುರಿ ಕಲಿಸಿದ್ದರು. ದೂರದ ದಿಬ್ಬದಿಂದ ಸಿಡಿಯುವ ಈ ಯಂತ್ರದ ಮುಂದೆ ಅಷ್ಟೂ ಸಿದ್ಧತೆ ವ್ಯರ್ಥ. ಉಳಿಯುವುದು ಒಂದೇ ದಾರಿ: ಕ್ರಿಸ್ ಪ್ರ್ಯಾಟ್‌ನ ಜೂಜುಕೋರ ಮೈತುಂಬ ಗುಂಡು ತಿಂದು ಅಲ್ಲಿಯವರೆಗೆ ಕುದುರೆ ಓಡಿಸಿ, ಡೈನಮೈಟ್ ಎಸೆದು ಸಾಯಬೇಕು. ದೃಶ್ಯವೇನೋ ಶಿಳ್ಳೆ ಹೊಡೆಸುತ್ತದೆ, ಆದರೆ ಹಳ್ಳಿಯವರ ಬುದ್ಧಿಗೆ ಅದರಲ್ಲಿ ಪಾಲಿಲ್ಲ.

ಕಾರಣದ ವಿಷಯಕ್ಕೆ ಬಂದರೆ ಇನ್ನೂ ಬೇಸರ. ಮುಗಿಯುವ ಹೊತ್ತಿಗೆ, ಸುಟ್ಟ ಚರ್ಚಿನಲ್ಲಿ, ಬೋಗ್‌ನ ಕತ್ತು ಹಿಸುಕುತ್ತಾ ಚಿಸಮ್ ಬಾಯಿ ಬಿಡುತ್ತಾನೆ: ತನ್ನ ತಾಯಿ, ತಂಗಿಯರನ್ನು ಕೊಂದದ್ದು ಬೋಗ್ ಕಳಿಸಿದ ಆಳುಗಳೇ. ಚಿಸಮ್‌ನ ಕುತ್ತಿಗೆಯಲ್ಲಿ ನೇಣಿನ ಕಲೆಯೂ ಕಾಣುತ್ತದೆ. ‘ಶೋಲೆ’ಯ ಸೇಡು ನಡುವಿನಲ್ಲೇ ಬಿಚ್ಚಿ ಕತೆಗೆ ಉಸಿರು ತುಂಬಿತ್ತು. ಇಲ್ಲಿ ಅದೇ ಸೇಡು ತಡವಾಗಿ ಬಂದು ಹಿಂದಿನ ಎರಡು ಗಂಟೆಯನ್ನು ಅಳಿಸುತ್ತದೆ. ಹಾಗಾದರೆ ಅವನು ಊರಿಗಾಗಿ ಬಂದದ್ದಲ್ಲ. ಜೊತೆಗೆ ಬಂದ ಆರು ಜನರಿಗೆ ಅದನ್ನು ಹೇಳಿಯೂ ಇಲ್ಲ, ಅವರಲ್ಲಿ ನಾಲ್ವರು ಸತ್ತಿದ್ದಾರೆ. ಇದರಲ್ಲಿ ಒಂದು ಕಹಿ ಕತೆ ಅಡಗಿತ್ತು, ಚಿತ್ರ ಅದನ್ನು ಮುಟ್ಟುವುದೇ ಇಲ್ಲ. ಕರಿಯ ಅಧಿಕಾರಿಗೂ ದಕ್ಷಿಣದ ಸೇನೆಯ ಗುರಿಕಾರನಿಗೂ ಗೆಳೆತನ ಹೇಗಾಯಿತು ಎಂಬುದನ್ನೂ ಎರಡು ಮಾತಿನಲ್ಲಿ ಮುಗಿಸುತ್ತದೆ. ಜಾತಿಯ ಹೆಸರೆತ್ತದೆ ನಮ್ಮೂರ ಕತೆ ಹೇಳಿದ ಹಾಗೆ.

ಹಣದ ಲೆಕ್ಕದಲ್ಲಿ ಸುಮಾರು 9 ಕೋಟಿ ಡಾಲರ್ ಹಾಕಿ ಜಗತ್ತಿನಾದ್ಯಂತ ಸುಮಾರು 16 ಕೋಟಿ ಗಳಿಸಿತು. ಚಿತ್ರಮಂದಿರಗಳ ಪಾಲು, ಪ್ರಚಾರದ ಖರ್ಚು ಕಳೆದರೆ ಹಿಗ್ಗುವಂಥದ್ದೇನಲ್ಲ.

ಸಂಗೀತದ ಹಿಂದೆ ಬೇರೆಯೇ ದುಃಖವಿದೆ. ಜೇಮ್ಸ್ ಹಾರ್ನರ್ 2015ರ ಜೂನ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಈ ಚಿತ್ರಕ್ಕೆಂದು ಅವರು ಬರೆದಿಟ್ಟಿದ್ದ ರಾಗಗಳನ್ನು ಸೈಮನ್ ಫ್ರಾಂಗ್ಲನ್ ಮುಗಿಸಿಕೊಟ್ಟರು. 1960ರಲ್ಲಿ ಎಲ್ಮರ್ ಬರ್ನ್‌ಸ್ಟೀನ್ ಕಟ್ಟಿದ, ಸಿಗರೇಟು ಜಾಹೀರಾತಿಗೂ ಬಳಕೆಯಾಗಿ ಮನೆಮಾತಾದ ಆ ಕುದುರೆ ನಡಿಗೆಯ ರಾಗಕ್ಕೆ ಫುಕ್ವಾ ಕತೆಯೊಳಗೆ ಜಾಗ ಕೊಡಲಿಲ್ಲ. ಕೊನೆಯಲ್ಲಿ ನಾಲ್ಕು ಸಮಾಧಿಗಳನ್ನು ತೋರಿಸುತ್ತಾ, ಅವರು ಎಂಥವರಾಗಿದ್ದರು ಎಂದು ಎಮ್ಮಾಳ ದನಿ ನಮಗೆ ಬಿಡಿಸಿ ಹೇಳುತ್ತದೆ. ಹಳೆಯ ರಾಗ ಶುರುವಾಗುವುದು ಆಮೇಲೆ, ಹೆಸರುಗಳು ಬರುವಾಗ, ಜನ ಎದ್ದು ಬಾಗಿಲ ಕಡೆ ಹೊರಟ ಹೊತ್ತಿಗೆ.