ಫೈಲ್ ಕಾರ್ವಿಂಗ್ ಅಂದರೇನು? ವಿದ್ಯಾರ್ಥಿ ತಂಡಗಳಿಗೆ ಇದರಲ್ಲಿ ಏನು ಕೆಲಸ?

ಡಿಸ್ಕ್‌ನಲ್ಲಿ ಫೈಲಿನ ಹೆಸರಿಲ್ಲ, ಫೋಲ್ಡರ್ ಇಲ್ಲ, ಅದು ಎಲ್ಲಿತ್ತು ಅನ್ನುವ ಗುರುತೂ ಇಲ್ಲ. ಆದರೂ ಬರೀ ಬೈಟ್‌ಗಳನ್ನು ನೋಡಿಕೊಂಡು ಫೈಲನ್ನು ಹೊರತೆಗೆಯುವುದಕ್ಕೆ ಫೈಲ್ ಕಾರ್ವಿಂಗ್ ಎನ್ನುತ್ತಾರೆ. ಡಿಜಿಟಲ್ ಫೊರೆನ್ಸಿಕ್ಸ್ (ಕಂಪ್ಯೂಟರ್, ಫೋನ್‌ಗಳಲ್ಲಿ ಸಾಕ್ಷ್ಯ ಹುಡುಕುವ ವಿದ್ಯೆ) ಓದುವವರು ತಂಡ ಕಟ್ಟಿಕೊಂಡು ಹೊಸ ಟೂಲ್ ಬರೆಯಲು ಹೊರಟರೆ ಇದು ಒಳ್ಳೆಯ ವಿಷಯ. ಶುರು ಮಾಡೋದು ಸುಲಭ. ಮುಗಿಸೋದು ಬೇರೆ ಮಾತು.

ಡಿಲೀಟ್ ಒತ್ತಿದರೆ ಫೈಲ್ ಅಳಿಸಿಹೋಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಲ್ಲಿ ಕಾಣುವ ಫ್ಯಾಟ್ ಎಂಬ ಫೈಲ್ ಸಿಸ್ಟಮ್‌ನಲ್ಲಿ (ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಆಗುವುದು ಇಷ್ಟೇ: ಫೈಲ್ ಹೆಸರಿನ ಮೊದಲ ಬೈಟ್ ಇ5 (ಹೆಕ್ಸ್ ಸಂಖ್ಯೆ, ಅಳಿಸಿದ್ದು ಎಂಬ ಗುರುತು) ಆಗುತ್ತದೆ, ಆ ಜಾಗ ಖಾಲಿ ಎಂದು ಪಟ್ಟಿಯಲ್ಲಿ ದಾಖಲಾಗುತ್ತದೆ. ಫೋಟೊ ಮಾತ್ರ ಇದ್ದಲ್ಲೇ ಇರುತ್ತದೆ, ಅದರ ಮೇಲೆ ಇನ್ನೊಂದು ಫೈಲ್ ಬಂದು ಕೂರುವವರೆಗೆ.

ಜೆಪೆಗ್ ಫೋಟೊ ಶುರುವಾಗುವುದು ಎಫ್‌ಎಫ್ ಡಿ8 ಎಫ್‌ಎಫ್ ಎಂಬ ಬೈಟ್‌ಗಳಿಂದ, ಮುಗಿಯುವುದು ಎಫ್‌ಎಫ್ ಡಿ9ರಿಂದ. ಮೊದಲನೆಯದನ್ನು ಹುಡುಕು, ಎರಡನೆಯದು ಸಿಗುವವರೆಗೆ ಓದು, ಕತ್ತರಿಸಿ ಬೇರೆ ಫೈಲಾಗಿ ಉಳಿಸು. ಪೈಥಾನ್ ಬಲ್ಲವರಿಗೆ ಒಂದು ಸಂಜೆಯ ಕೆಲಸ. ಡೆಮೊ ಕೂಡ ಚೆನ್ನಾಗಿ ಬರುತ್ತದೆ.

ಆಮೇಲೆ ಯಾರೋ ಮೊಬೈಲಿನಲ್ಲಿ ತೆಗೆದ ಫೋಟೊ ಹಾಕುತ್ತಾರೆ. ಹೊರಬರುವುದು ತೆರೆಯಲಾರದ ಚೂರು! ಕಾರಣ, ಕ್ಯಾಮೆರಾ ಫೋಟೊದ ಎಕ್ಸಿಫ್ ಭಾಗದಲ್ಲಿ (ಫೋಟೊ ತೆಗೆದ ವಿವರಗಳಿರುವ ಜಾಗ) ಸಾಮಾನ್ಯವಾಗಿ ಒಂದು ಪುಟ್ಟ ಥಂಬ್‌ನೇಲ್ ಇರುತ್ತದೆ. ಅದೂ ಪೂರ್ತಿ ಜೆಪೆಗ್ಗೇ. ಅದಕ್ಕೂ ತನ್ನದೇ ಎಫ್‌ಎಫ್ ಡಿ9 ಇದೆ. ಟೂಲ್ ಅಲ್ಲಿಗೇ ಫೋಟೊ ಮುಗಿಯಿತೆಂದು ಕತ್ತರಿಸಿಬಿಡುತ್ತದೆ. ಸರಿಪಡಿಸಬೇಕೆಂದರೆ ಜೆಪೆಗ್‌ನ ಒಳಗಿನ ಒಂದೊಂದು ಭಾಗದ ಉದ್ದ ಓದಿಕೊಂಡು ಮುಂದೆ ಹೋಗಬೇಕು. ಬರೀ ಗುರುತು ಹುಡುಕಿದರೆ ಸಾಲದು, ಫೈಲಿನ ರಚನೆ ಗೊತ್ತಿರಬೇಕು. ನನ್ನ ಪ್ರಕಾರ ಪ್ರಾಜೆಕ್ಟ್ ನಿಜವಾಗಿ ಶುರುವಾಗೋದು ಇಲ್ಲಿಂದ.

ಜಿಪ್ ಕಥೆಯೂ ಹೀಗೇ. ಪಿಕೆ ಎಂಬ ಎರಡು ಅಕ್ಷರಗಳಿಂದ ಶುರುವಾಗುವುದು ಜಿಪ್ ಮಾತ್ರವಲ್ಲ; ಈಗಿನ ವರ್ಡ್ ಫೈಲ್, ಆಂಡ್ರಾಯ್ಡ್ ಆ್ಯಪ್ ಕೂಡ ಒಳಗೆ ಜಿಪ್ಪೇ. ಇನ್ನು ಫೈಲ್ ತುಂಡು ತುಂಡಾಗಿ ಡಿಸ್ಕ್ ತುಂಬಾ ಹರಡಿಕೊಂಡಿದ್ದರೆ ಅದು ಸಂಶೋಧಕರಿಗೂ ತಲೆನೋವು. 2006ರಲ್ಲಿ ಡಿಜಿಟಲ್ ಫೊರೆನ್ಸಿಕ್ಸ್ ಸಂಶೋಧಕರ ಡಿಎಫ್‌ಆರ್‌ಡಬ್ಲ್ಯುಎಸ್ ಸಂಸ್ಥೆ ತನ್ನ ಸ್ಪರ್ಧೆಗೆ ಕಾರ್ವಿಂಗನ್ನೇ ಸವಾಲಾಗಿ ಇಟ್ಟಿತ್ತು.

ಹೊಸ ಟೂಲ್ ಅಂದಾಕ್ಷಣ ಎಲ್ಲವನ್ನೂ ಮೊದಲಿನಿಂದ ಬರೆಯಬೇಕಿಲ್ಲ. ಅಮೆರಿಕದ ವಾಯುಪಡೆಯ ತನಿಖಾ ವಿಭಾಗದಲ್ಲಿ ಹುಟ್ಟಿದ ಫೋರ್‌ಮೋಸ್ಟ್ ಇದೆ, ಅದರಿಂದ ಬೆಳೆದ ಸ್ಕಾಲ್ಪೆಲ್ ಇದೆ, ಫೋಟೊರೆಕ್ ಅಂತೂ ಪುಕ್ಕಟೆ ಸಿಗುತ್ತದೆ. ಆಟಾಪ್ಸಿ ಎಂಬ ಓಪನ್ ಸೋರ್ಸ್ ಫೊರೆನ್ಸಿಕ್ಸ್ ತಂತ್ರಾಂಶದ ಒಳಗೇ ಫೋಟೊರೆಕ್ ಕೂತಿದೆ. ಆಟಾಪ್ಸಿಗೆ ಜಾವಾ ಅಥವಾ ಪೈಥಾನ್‌ನಲ್ಲಿ ಮಾಡ್ಯೂಲ್ ಬರೆದು ಸೇರಿಸಬಹುದು. ಬಟನ್, ಮೆನು ಅಂತ ಅರ್ಧ ಸೆಮಿಸ್ಟರ್ ಕಳೆಯುವ ಬದಲು ಒಂದೇ ಒಂದು ಫೈಲ್ ಬಗೆಯನ್ನು ಸರಿಯಾಗಿ ಹಿಡಿಯುವ ಮಾಡ್ಯೂಲ್ ಬರೆದರೆ ಅದು ಜಾಸ್ತಿ ಉಪಯೋಗ.

ಟೆಸ್ಟಿಂಗ್ ಕೆಲಸ ಕೋಡ್ ಬರೆಯಲು ಬಾರದವರ ಪಾಲಿಗೆ ಹೋಗುವುದುಂಟು. ಇಲ್ಲಿ ಅದು ಉಲ್ಟಾ ಆಗಬೇಕು. ಪೆನ್‌ಡ್ರೈವನ್ನು ಪೂರ್ತಿ ಸೊನ್ನೆಯಿಂದ ತುಂಬಿಸಿ, ಫಾರ್ಮ್ಯಾಟ್ ಮಾಡಿ, ಗೊತ್ತಿರುವ ಫೈಲ್‌ಗಳನ್ನು ಹಾಕಿ, ಪ್ರತಿಯೊಂದರ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೈಟ್‌ಗಳಿಂದ ಲೆಕ್ಕಹಾಕುವ, ಬೆರಳಚ್ಚಿನಂಥ ಸಂಖ್ಯೆ) ಬರೆದಿಟ್ಟುಕೊಳ್ಳಿ. ಆಮೇಲೆ ಡಿಲೀಟ್ ಮಾಡಿ, ಡ್ರೈವ್‌ನ ಇಮೇಜ್ (ಬೈಟ್ ಬೈಟೂ ಇದ್ದಹಾಗೇ ಇರುವ ನಕಲು) ತೆಗೆದು, ಅದರ ಮೇಲೆ ಟೂಲ್ ಓಡಿಸಿ. ಹೊರಬಂದ ಫೈಲಿನ ಹ್ಯಾಶ್ ತಾಳೆಯಾದರೆ ಬೈಟ್ ಬೈಟೂ ಸರಿ ಎಂದರ್ಥ. ಎಷ್ಟು ಸಿಕ್ಕವು, ಎಷ್ಟು ತಪ್ಪಿಹೋದವು, ಫೈಲೇ ಅಲ್ಲದ ಎಷ್ಟನ್ನು ಫೈಲ್ ಅಂದಿತು, ಈ ಮೂರೂ ವರದಿಯಲ್ಲಿ ಇರಲಿ. ಇಮೇಜ್‌ನ ಹ್ಯಾಶ್ ಟೂಲ್ ಓಡಿಸುವ ಮುಂಚೆ ಮತ್ತು ಆಮೇಲೆ ಒಂದೇ ಇರಬೇಕು. ಬದಲಾದರೆ ಟೂಲ್ ಸಾಕ್ಷ್ಯವನ್ನೇ ಮುಟ್ಟಿದೆ ಎಂದಾಯಿತು. ಅಭ್ಯಾಸಕ್ಕೆ ಸುಮ್ನೆ ಗೆಳೆಯರ ಹಳೇ ಫೋನ್ ಕಾರ್ಡ್ ಕೇಳಬೇಡಿ, ಅವರು ಅಳಿಸಿದ್ದೆಲ್ಲ ಎದ್ದು ಬರುತ್ತದೆ. ಡಿಜಿಟಲ್ ಕಾರ್ಪೊರಾ ತಾಣದಲ್ಲಿ, ಅಮೆರಿಕದ ನಿಸ್ಟ್ ಎಂಬ ಮಾನಕ ಸಂಸ್ಥೆಯ ಸಂಗ್ರಹದಲ್ಲಿ ಇದಕ್ಕೆಂದೇ ಇಟ್ಟ ಇಮೇಜ್‌ಗಳಿವೆ.

ಪೆನ್‌ಡ್ರೈವ್‌ನಲ್ಲಿ ಚೆನ್ನಾಗಿ ಓಡಿದ ಟೂಲ್ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿ ಇಮೇಜ್‌ನಲ್ಲಿ ಏನೂ ಕೊಡದೆ ಇರಬಹುದು. ಅಲ್ಲಿ ಡಿಲೀಟ್ ಆದ ಜಾಗ ಇನ್ನು ಬೇಕಿಲ್ಲ ಎಂದು ಆಪರೇಟಿಂಗ್ ಸಿಸ್ಟಮ್ ಟ್ರಿಮ್ ಎಂಬ ಸೂಚನೆ ಕಳಿಸುತ್ತದೆ. ಆಮೇಲೆ ಆ ಜಾಗ ಓದಿದರೆ ಸಾಮಾನ್ಯವಾಗಿ ಸೊನ್ನೆಗಳೇ. ಬಗ್ ಎಲ್ಲಿದೆ ಅಂತ ಕೋಡ್ ಕೆದಕುವ ಮೊದಲು ಇಮೇಜ್ ಯಾವ ಬಗೆಯ ಡಿಸ್ಕ್‌ನದು ಅಂತ ನೋಡಿಕೊಳ್ಳಿ.