ಅಪ್ಪನ ಎತ್ತರ ಗೊತ್ತಿದ್ರೆ ಮಗನ ಎತ್ತರ ಎಷ್ಟು ಅಂತ ಹೇಳಬಹುದಾ?

ಸ್ಟಾಟಿಸ್ಟಿಕ್ಸ್ ಹೊಸದಾಗಿ ಕಲಿಯೋರು ಕೋರಿಲೇಶನ್, ರಿಗ್ರೆಶನ್ ಎರಡನ್ನೂ ಒಂದೇ ಉಸಿರಲ್ಲಿ ಹೇಳ್ತಾರೆ, ಆದ್ರೆ ಅವು ಉತ್ತರ ಕೊಡೋದು ಬೇರೆ ಬೇರೆ ಪ್ರಶ್ನೆಗೆ. ಎರಡು ಅಳತೆಗಳು ಎಷ್ಟು ಬಿಗಿಯಾಗಿ ಒಂದು ನೇರ ಗೆರೆ ಹಿಡಿದು ಹೋಗ್ತವೆ ಅನ್ನೋದು ಕೋರಿಲೇಶನ್, ಅದು ಮೈನಸ್ 1ರಿಂದ ಪ್ಲಸ್ 1ರೊಳಗೇ ಇರುತ್ತೆ, ಇಂಚು ಕೆಜಿ ಅಂತ ಯಾವ ಯೂನಿಟ್ಟೂ ಇಲ್ಲ. ಒಂದು ಗೊತ್ತಿದ್ರೆ ಇನ್ನೊಂದು ಸರಾಸರಿ ಎಷ್ಟಿರುತ್ತೆ ಅಂತ ಗೆರೆ ಎಳೆದು ಹೇಳೋದು ರಿಗ್ರೆಶನ್.

ಇದನ್ನ ಅರ್ಥ ಮಾಡ್ಕೊಳ್ಳೋಕೆ ಹಳೇ ಡೇಟಾನೇ ಚೆನ್ನಾಗಿದೆ. ಇಂಗ್ಲೆಂಡಲ್ಲಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಅಪ್ಪ ಅಮ್ಮ ಮಕ್ಕಳ ಎತ್ತರದ ಮೇಲೆ ಬರೆದ, ಆಮೇಲೆ 1903ರಲ್ಲಿ ಕಾರ್ಲ್ ಪಿಯರ್ಸನ್ ಮತ್ತು ಆಲಿಸ್ ಲೀ ಸಾವಿರಕ್ಕೂ ಹೆಚ್ಚು ಅಪ್ಪ-ಮಗ ಜೋಡಿಗಳ ಲೆಕ್ಕ ಪ್ರಕಟಿಸಿದ್ರು. ಅಪ್ಪಂದಿರ ಸರಾಸರಿ ಸುಮಾರು 68 ಇಂಚು, ಗಂಡು ಮಕ್ಕಳದ್ದು 69, ಸ್ಟಾಂಡರ್ಡ್ ಡೀವಿಯೇಶನ್ (ಎತ್ತರಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹರಡಿವೆ ಅನ್ನೋ ಅಳತೆ) ಎರಡೂ ಕಡೆ 2.7, 2.8ರ ಆಸುಪಾಸು, ಕೋರಿಲೇಶನ್ ಸುಮಾರು 0.5.

ಗೆರೆಯ ಸ್ಲೋಪ್, ಅಂದ್ರೆ ಅಪ್ಪ ಒಂದು ಇಂಚು ಹೆಚ್ಚಿದ್ರೆ ಮಗ ಸರಾಸರಿ ಎಷ್ಟು ಹೆಚ್ಚು ಅನ್ನೋದು, ಬೇಕಂದ್ರೆ ಮಗನ ಡೀವಿಯೇಶನ್ ಅನ್ನ ಅಪ್ಪನದ್ದರಿಂದ ಭಾಗಿಸಿ, ಬಂದ ಅನುಪಾತದಿಂದ ಕೋರಿಲೇಶನ್ ಅನ್ನ ಗುಣಿಸಬೇಕು, ಇಲ್ಲಿ ಅದೂ 0.5 ಅಷ್ಟೇ ಬರುತ್ತೆ. ಅಂದ್ರೆ 72 ಇಂಚಿನ ಅಪ್ಪ, ಸರಾಸರಿಗಿಂತ 4 ಇಂಚು ಮೇಲೆ, ಅಂಥವರ ಮಕ್ಕಳು 2 ಇಂಚು ಮೇಲೆ, ಅಂದ್ರೆ 71. ಹಾಗಾದ್ರೆ ತಲೆಮಾರು ಕಳೆದ ಹಾಗೆ ಎಲ್ರೂ ಒಂದೇ ಎತ್ತರ ಆಗಿಬಿಡ್ತಾರಾ? ಇಲ್ಲ, ಮಕ್ಕಳ ಎತ್ತರದ ಹರವು ಅಪ್ಪಂದಿರಷ್ಟೇ ಇದೆಯಲ್ಲ, ಗೆರೆ ಹೇಳೋದು ಸರಾಸರಿ ಮಾತ್ರ.

ಈಗ ಉಲ್ಟಾ ಕೇಳಿ, 73 ಇಂಚಿನ ಮಗನ ಅಪ್ಪ ಎಷ್ಟಿರಬಹುದು? ಅದೇ ಗೆರೆನ ತಿರುಗಿಸಿದ್ರೆ 76 ಬರುತ್ತೆ, ತುಂಬಾ ಜನ ಹೀಗೇ ಮಾಡ್ತಾರೆ, ಆದ್ರೆ ತಪ್ಪು. ಮಗ 4 ಇಂಚು ಮೇಲಿದ್ರೆ ಅಪ್ಪ ಸರಾಸರಿ 2 ಇಂಚು ಮೇಲೆ, ಅಂದ್ರೆ 70. ಯಾಕಂದ್ರೆ ಕೆಳಗೆ ಅಪ್ಪ, ಪಕ್ಕದಲ್ಲಿ ಮಗ ಅಂತ ಹಾಕಿದ ಗ್ರಾಫಲ್ಲಿ ಮೊದಲ ಗೆರೆ ಎಳೆದಿದ್ದು ಮಗನ ಎತ್ತರದಲ್ಲಾಗೋ ತಪ್ಪು, ಅಂದ್ರೆ ಮೇಲೆ-ಕೆಳಗಿನ ಅಂತರಗಳ ವರ್ಗದ ಮೊತ್ತ, ಕಡಿಮೆ ಆಗೋ ಹಾಗೆ, ಪ್ರಶ್ನೆ ತಿರುಗಿದ್ರೆ ಅಪ್ಪನ ಎತ್ತರದ ತಪ್ಪು ಕಡಿಮೆ ಮಾಡಬೇಕು, ಅದಕ್ಕೆ ಬೇರೇನೇ ಗೆರೆ. ಕೋರಿಲೇಶನ್ ಮಾತ್ರ ಎರಡಕ್ಕೂ ಒಂದೇ. ನನ್ನ ಪ್ರಕಾರ ಈ ಎರಡು ಗೆರೆ ಅರ್ಥ ಆದ್ರೆ ಅರ್ಧ ಪಾಠ ಮುಗೀತು, ಮಗನ ಎತ್ತರದಿಂದ ಅಪ್ಪ ಬೆಳೆಯಲ್ಲ ಅಂತ ಗೊತ್ತಿದ್ರೂ ಲೆಕ್ಕ ಎರಡೂ ದಿಕ್ಕಲ್ಲಿ ಸಲೀಸಾಗಿ ಬರುತ್ತೆ ನೋಡಿ, ಕಾರಣ ಯಾವುದು ಅನ್ನೋದು ಫಾರ್ಮುಲಾ ಒಳಗೆ ಇರೋದೇ ಇಲ್ಲ.

0.5 ಅಂದ ತಕ್ಷಣ ಅರ್ಧಕ್ಕರ್ಧ ಗೊತ್ತಾಯ್ತು ಅನ್ಕೋಬೇಡಿ. ಅಪ್ಪನ ಎತ್ತರ ಗೊತ್ತಿಲ್ಲದೆ ಊಹೆ ಮಾಡಿದ್ರೆ ಸಾಮಾನ್ಯವಾಗಿ ಆಗೋ ತಪ್ಪು 2.8 ಇಂಚು, ಗೊತ್ತಿದ್ರೆ 2.4. ಇಳಿದಿದ್ದು ಅಷ್ಟೇ.

ಇನ್ನೊಂದು ಮಾತು, ಲೆಕ್ಕಕ್ಕೆ ಮೊದಲು ಗ್ರಾಫ್ ಹಾಕಿ. 1973ರಲ್ಲಿ ಸ್ಟಾಟಿಸ್ಟಿಕ್ಸ್ ತಜ್ಞ ಫ್ರಾಂಕ್ ಆನ್ಸ್‌ಕೋಂಬ್ ಹನ್ನೊಂದು ಹನ್ನೊಂದು ಚುಕ್ಕೆಗಳ ನಾಲ್ಕು ಡೇಟಾ ಕೊಟ್ಟ, ನಾಲ್ಕಕ್ಕೂ ಕೋರಿಲೇಶನ್ ಸುಮಾರು 0.82, ಗೆರೆನೂ ಒಂದೇ. ಗ್ರಾಫ್ ಹಾಕಿದ್ರೆ ಒಂದು ಮಾಮೂಲಿ, ಇನ್ನೊಂದು ಬಾಗಿದ ಗೆರೆ, ಮತ್ತೊಂದರಲ್ಲಿ ಒಂದೇ ಚುಕ್ಕೆ ಗೆರೆನ ಎಳ್ಕೊಂಡಿದೆ, ನಾಲ್ಕನೇದರಲ್ಲಿ ಹತ್ತು ಚುಕ್ಕೆ ಒಂದರ ಮೇಲೊಂದು ನೇರ ಕಂಬದ ಹಾಗೆ ನಿಂತಿವೆ, ದೂರದಲ್ಲಿರೋ ಆ ಹನ್ನೊಂದನೇದು ತೆಗೆದ್ರೆ ಸ್ಲೋಪ್ ಲೆಕ್ಕ ಹಾಕೋಕೇ ಆಗಲ್ಲ.