ಗ್ರಹಾಂ ಕೌಂಟಿ ಹುಟ್ಟಿದ್ದು 1867ರಲ್ಲೋ, 1880ರಲ್ಲೋ?

ಅಮೆರಿಕದ ಕಾನ್ಸಾಸ್ ರಾಜ್ಯದ ವಾಯವ್ಯಕ್ಕಿರುವ ಗ್ರಹಾಂ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಚರಿತ್ರೆಯನ್ನು ಓದುವಾಗ ನಾನು ಬಹಳ ಹೊತ್ತು ತೊಡಕಿಕೊಂಡದ್ದು ಒಂದೇ ಕಡೆ. ಸ್ಥಾಪನೆಯ ವರ್ಷ ಕೆಲವೆಡೆ 1867 ಎಂದೂ ಕೆಲವೆಡೆ 1880 ಎಂದೂ ಇದೆ. ಎರಡೂ ಸರಿಯೇ, ಏಕೆಂದರೆ ಅವು ಎರಡು ಬೇರೆ ಘಟನೆಗಳ ವರ್ಷಗಳು.

1867ರಲ್ಲಿ ರಾಜ್ಯದ ಶಾಸನಸಭೆಯು ಸುಮಾರು 30 ಮೈಲಿ ಉದ್ದ, 30 ಮೈಲಿ ಅಗಲದ ಒಂದು ಚೌಕಕ್ಕೆ ಗಡಿ ಗೊತ್ತುಮಾಡಿ, ಅಮೆರಿಕದ ಅಂತರ್ಯುದ್ಧದ ವೇಳೆ 1863ರ ಚಿಕಮಾಗ ಕದನದಲ್ಲಿ ಮಡಿದ ಕ್ಯಾಪ್ಟನ್ ಜಾನ್ ಎಲ್. ಗ್ರಹಾಂ ಅವರ ಹೆಸರಿಟ್ಟಿತು. ಇದು ‘ರಚನೆ’. ಆಗ ಅಲ್ಲಿ ಕೌಂಟಿಯದೆಂಬ ಕಚೇರಿಯಾಗಲಿ, ಅಧಿಕಾರಿಯಾಗಲಿ ಇರಲಿಲ್ಲ. ಸಾಕಷ್ಟು ಜನ ನೆಲೆಸಿ, ಜನಗಣತಿ ನಡೆದು, ನಿವಾಸಿಗಳು ರಾಜ್ಯಪಾಲರಿಗೆ ಮನವಿ ಸಲ್ಲಿಸಿ, ಅವರು ಘೋಷಣೆ ಹೊರಡಿಸಿ ತಾತ್ಕಾಲಿಕ ಅಧಿಕಾರಿಗಳನ್ನೂ ತಾತ್ಕಾಲಿಕ ಕೇಂದ್ರಸ್ಥಳವನ್ನೂ ನೇಮಿಸಿದ ಮೇಲೆ ಆಗುವುದು ‘ಸಂಘಟನೆ’. ಗ್ರಹಾಂಗೆ ಅದು ಒದಗಿದ್ದು 1880ರಲ್ಲಿ. ನಾನು ಇದನ್ನು ನೆನಪಿಡುವುದು ಒಂದು ಪ್ರಶ್ನೆಯಿಂದ: ದಾಖಲೆ ಬರೆದಿಡಲು ಕೌಂಟಿಗೆ ಗುಮಾಸ್ತನಿದ್ದಾನೆಯೇ? ಇಲ್ಲವಾದರೆ ಅದು ಇನ್ನೂ ನಕ್ಷೆಯ ಮೇಲಿನ ಕೌಂಟಿ ಮಾತ್ರ.

ಹಾಗಾದರೆ ಕೌಂಟಿ ಆಡಳಿತವೇ ಇಲ್ಲದ ಕಡೆ ಜನ ಜಮೀನು ಪಡೆದದ್ದು ಹೇಗೆ? ನೆಲೆಸಿ ಸಾಗುವಳಿ ಮಾಡುವವರಿಗೆ ಸರ್ಕಾರಿ ಜಮೀನು ಕೊಡುತ್ತಿದ್ದ 1862ರ ಹೋಮ್‌ಸ್ಟೆಡ್ ಕಾಯ್ದೆಯ 160 ಎಕರೆಗೆ ಅರ್ಜಿ ಹಾಕಬೇಕಾದದ್ದು ಕೇಂದ್ರ ಸರ್ಕಾರದ ಭೂಕಚೇರಿಯಲ್ಲಿ, ಕೌಂಟಿಯಲ್ಲಲ್ಲ. ಇದು ಹೊಳೆದ ಮೇಲೆಯೇ 1877ರ ವಲಸೆ ನನಗೆ ಅರ್ಥವಾಯಿತು.

ಆ ವರ್ಷ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯ ಜನರು, ಮುಖ್ಯವಾಗಿ ಕೆಂಟಕಿಯಿಂದ ಬಂದವರು, ಇಲ್ಲಿ ನಿಕೋಡೆಮಸ್ ಎಂಬ ಊರು ಕಟ್ಟಿದರು. ಮರಗಳೇ ವಿರಳವಾದ ಆ ಹುಲ್ಲುಗಾವಲಿನಲ್ಲಿ ಅವರು ನೆಲವನ್ನು ತೋಡಿ ಮನೆ ಮಾಡಿಕೊಂಡರು. ಹೊಸದಾಗಿ ಬಂದವರ ಕಣ್ಣಿಗೆ ಮೊದಲು ಬಿದ್ದದ್ದು ನೆಲದೊಳಗಿನಿಂದ ಏಳುತ್ತಿದ್ದ ಹೊಗೆ. ಮೊದಲ ಚಳಿಗಾಲದಲ್ಲಿ ಬೇಟೆಯಿಂದ ಮರಳುತ್ತಿದ್ದ ಓಸೇಜ್ ಎಂಬ ಅಮೆರಿಕದ ಮೂಲನಿವಾಸಿ ಜನರು ಆಹಾರ ಹಂಚಿಕೊಂಡದ್ದನ್ನು ಓದಿ ನನ್ನ ಮನಸ್ಸು ತುಂಬಿಬಂತು.

1880ರಲ್ಲಿ ರಾಜ್ಯಪಾಲ ಜಾನ್ ಸೇಂಟ್ ಜಾನ್ ಅವರು ಕೌಂಟಿಯ ತಾತ್ಕಾಲಿಕ ಗುಮಾಸ್ತರನ್ನಾಗಿ ನೇಮಿಸಿದ್ದು ನಿಕೋಡೆಮಸ್‌ನ ಎಡ್ವರ್ಡ್ ಮೆಕೇಬ್ ಅವರನ್ನು. 1882ರಲ್ಲಿ ಮೆಕೇಬ್ ರಾಜ್ಯದ ಲೆಕ್ಕಪರಿಶೋಧಕರಾಗಿ ಚುನಾಯಿತರಾದರು. ತಾತ್ಕಾಲಿಕ ಕೇಂದ್ರಸ್ಥಳ ಮಿಲ್‌ಬ್ರೂಕ್‌ಗೆ ಹೋಗಿತ್ತು. 1888ರಲ್ಲಿ ಅದು ಹಿಲ್ ಸಿಟಿಯ ಪಾಲಾಯಿತು. ಅದೇ ವರ್ಷ ರೈಲು ಹಳಿಯೂ ನಿಕೋಡೆಮಸ್ಸನ್ನು ಬಿಟ್ಟು ಅಲ್ಲಿನ ಸಾಲಮನ್ ನದಿಯ ದಕ್ಷಿಣಕ್ಕೆ ಸಾಗಿತು, ನಿಕೋಡೆಮಸ್‌ನ ವರ್ತಕರಲ್ಲಿ ಹಲವರು ಹಳಿಯ ಬದಿಯ ಬೋಗ್ ಎಂಬ ಊರಿಗೆ ಹೊರಟುಹೋದರು.